ಗಂಟಲು ಕಟ್ಟಿದ ಕಂಪ್ಯೂಟರು

ರಿಪೇರಿ ಕಸುಬಿನವರಲ್ಲಿ ಒಂದು ದುರ್ಗುಣವಿದೆ. ಎದುರಿಗಿದ್ದವರು ತೊಂದರೆ ಏನೆಂದು ಹೇಳಿ ಮುಗಿಸುವ ಮೊದಲೇ ನಮಗೆ ಅದು ಗೊತ್ತಾಗಿಬಿಟ್ಟಿರುತ್ತದೆ. ಗೊತ್ತಾಗದಿದ್ದರೆ ಗೊತ್ತಾದವರ ಮುಖ ಮಾಡುತ್ತೇವೆ. ರಾಬರ್ಟ್‌ಸನ್‌ಪೇಟೆಯಲ್ಲಿ ಒಂದು ಟೈಲರ್ ಅಂಗಡಿಯ ಮೇಲಿನ ಕೋಣೆ ಹಿಡಿದು ಕಂಪ್ಯೂಟರ್ ರಿಪೇರಿಗೆ ಕೂತಾಗ ನನ್ನ ಬಂಡವಾಳ ಆರು ತಿಂಗಳ ಕೋರ್ಸಿನ ಸರ್ಟಿಫಿಕೇಟು, ಎರಡು ಸ್ಕ್ರೂಡ್ರೈವರು ಮತ್ತು ಆ ಮುಖ, ಇಷ್ಟೇ. ಔಷಧಿಯೂ ಒಂದೇ, ಫಾರ್ಮ್ಯಾಟ್. ಒಳಗಿದ್ದದ್ದನ್ನೆಲ್ಲ ಅಳಿಸಿ ಮೊದಲಿನಿಂದ ತುಂಬುವುದು. ನೆಗಡಿಗೂ ಅದೇ, ನ್ಯುಮೋನಿಯಾಕ್ಕೂ ಅದೇ. ಆಗ ಊರಿನಲ್ಲಿದ್ದ ಕಂಪ್ಯೂಟರುಗಳೇ ಬೆರಳೆಣಿಕೆಯಷ್ಟಾದ್ದರಿಂದ ನನ್ನ ವೈದ್ಯವನ್ನು ಪ್ರಶ್ನಿಸುವವರು ಇರಲಿಲ್ಲ.

ಹೀಗಿರುವಾಗ ಒಂದು ದಿನ ಮುನಿಯಮ್ಮ ಎಂಬ ಹೆಂಗಸು ಕಂಬಳಿಯಲ್ಲಿ ಸುತ್ತಿದ ಕಂಪ್ಯೂಟರ್ ಪೆಟ್ಟಿಗೆಯನ್ನು ತಲೆಯ ಮೇಲೆ ಹೊತ್ತು ನನ್ನ ಮೆಟ್ಟಿಲು ಹತ್ತಿ ಬಂದರು. ಹಿಂದೆ ಅವರ ಸೆರಗು ಹಿಡಿದು ಮಗ ಮುನಿರಾಜು. ಇಪ್ಪತ್ತೈದರ ಆಸುಪಾಸು, ಹುಟ್ಟು ಕುರುಡ. ಬಂಗಾರಪೇಟೆಯ ಹತ್ತಿರದ ಹಳ್ಳಿಯಿಂದ ರೈಲಿನಲ್ಲಿ ಬಂದು ನಮಗೆ ಹತ್ತಿರದ ಉರಿಗಾಂ ಸ್ಟೇಷನ್ನಿನಲ್ಲಿ ಇಳಿದಿದ್ದರು. ಯಾವುದೋ ಸಂಸ್ಥೆಯವರು ಮುನಿರಾಜುವಿಗೆ ಟೈಪಿಂಗ್ ಕಲಿಸಿ, ಹಳೆಯ ಕಂಪ್ಯೂಟರನ್ನೂ, ಒಂದು ತಿಂಗಳಾದ ಮೇಲೆ ಪ್ರಿಂಟರನ್ನೂ ಕೊಟ್ಟಿದ್ದರು. ಇಂಗ್ಲಿಷಿನಲ್ಲಿ ಟೈಪ್ ಮಾಡಿದ್ದನ್ನು ಆ ಕಂಪ್ಯೂಟರು ಗಟ್ಟಿಯಾಗಿ ಓದಿ ಹೇಳುತ್ತಿತ್ತು. ನಮಗೆ ಕಂಪ್ಯೂಟರಿನ ದನಿ ಎಂದರೆ ಹಾಡು ಕೇಳುವ ಶೋಕಿ. ಅವನಿಗೆ ದನಿ ಹೋದರೆ ಕಂಪ್ಯೂಟರೇ ಹೋದಂತೆ. ಅದು ಈಗ ಹೋಗಿತ್ತು.

"ಡಿಯರ್ ಸರ್ ಅಂತ ಓದೋಕೆ ಶುರು ಮಾಡಿ ಸರ್, ಸರ್, ಸರ್, ಸರ್ ಅಂತ ಅಲ್ಲೇ ನಿಂತ್ಕಳ್ತದೆ ಸಾರ್," ಎಂದ ಮುನಿರಾಜು. "ಅದೂ ಪ್ರಿಂಟರು ಎದ್ದಾಗ..."

ನಾನು ಕೈಯೆತ್ತಿ ತಡೆದೆ. ಅವನಿಗೆ ನನ್ನ ಕೈ ಕಾಣದು ಎಂಬುದೂ ನನಗೆ ಹೊಳೆಯಲಿಲ್ಲ. "ಸೌಂಡ್ ಕಾರ್ಡಿನ ಡ್ರೈವರ್ ಹಾಳಾಗಿದೆ," ಎಂದೆ.

ಮುನಿಯಮ್ಮ ಗಾಬರಿಯಾದರು. "ಡ್ರೈವರೇ ಇಲ್ದೆ ಇದು ಇಷ್ಟ್ ದಿನ ಎಂಗೆ ನಡೀತು ಸಾಮಿ?"

ಕಾರ್ಡಿಗೆ ಹೇಗೆ ಮಾತಾಡಬೇಕೆಂದು ಹೇಳಿಕೊಡುವ ಪ್ರೋಗ್ರಾಮು ಅದು ಎಂದು ತಿಳಿಸಿ, ಫಾರ್ಮ್ಯಾಟ್ ಮಾಡಿದೆ. ಅಂಗಡಿಯಲ್ಲಿ ಕಂಪ್ಯೂಟರು ಗಿಣಿಯಂತೆ ಮಾತಾಡಿತು. ಮನೆಗೆ ಹೋಗಿ ಎರಡು ದಿನಕ್ಕೆ ಮತ್ತೆ ಸರ್, ಸರ್. ಮತ್ತೆ ಕಂಬಳಿ, ಮತ್ತೆ ರೈಲು, ಮತ್ತೆ ಫಾರ್ಮ್ಯಾಟ್. ಎರಡನೆಯ ಸಲ ಮುನಿರಾಜು ಮೆಲ್ಲಗೆ ಕೇಳಿದ. "ಸಾರ್, ನಾನು ಟೈಪ್ ಮಾಡಿಟ್ಟಿದ್ದ ಕಾಗದಗಳು ಸಿಗ್ತಿಲ್ಲ, ಒಳಗೆ ಅವಾ?"

ಒಂದು ತಿಂಗಳು ಕೂತು ಮಾಡಿದ ಕಾಗದಗಳಂತೆ. ಮೊದಲ ಸಲವೇ ಅವು ಹೋಗಿದ್ದವು; ಅಳಿಸುವ ಮುಂಚೆ ನಾನು ಕೇಳಿರಲಿಲ್ಲ. "ವೈರಸ್ ತಿಂದುಬಿಟ್ಟಿದೆ," ಎಂದೆ. ಅವನು ತಲೆಯಾಡಿಸಿ, ಅಮ್ಮನ ಸೆರಗು ಹಿಡಿದು ಮೆಟ್ಟಿಲಿಳಿದ. ಅವನು ಜಗಳ ಮಾಡಿದ್ದರೆ ಚೆನ್ನಾಗಿತ್ತು.

ಮೂರನೆಯ ಸಲ ಕೆಟ್ಟಾಗ ಫೋನು ಬಂತು. ಮುನಿರಾಜು ಹಾಲಿನ ಡೈರಿಯಿಂದ ಮಾಡಿದ್ದ. ಬಂಗಾರಪೇಟೆಯ ಅಕ್ಕಿ ಗಿರಣಿಯೊಂದರ ಸಾಹುಕಾರರು ಹೊರರಾಜ್ಯದ ವ್ಯಾಪಾರಿಗಳಿಗೆ ಇಂಗ್ಲಿಷ್ ಕಾಗದ ಬರೆಯಲು ಆಳು ಹುಡುಕುತ್ತಿದ್ದರು. ಸೋಮವಾರ ಅವರೆದುರಿಗೆ ಒಂದು ಕಾಗದ ಟೈಪ್ ಮಾಡಿ, ತಾನೇ ಪ್ರಿಂಟ್ ತೆಗೆದು ತೋರಿಸಿದರೆ ಕೆಲಸ. ಕಂಪ್ಯೂಟರು ಮತ್ತೆ ನಿಂತಿತ್ತು. "ಸ್ಕ್ರೀನ್ ಮೇಲೆ ಏನು ಬಂದಿದೆ, ಓದಿ ಹೇಳಿ," ಎಂದೆ.

ಅವನು ನನಗೆ ಬೇಜಾರಾಗದ ಹಾಗೆ ಹೇಳಿದ. "ಅಮ್ಮಂಗೂ ಓದಕ್ ಬರಲ್ಲ ಸಾರ್. ನೀಲಿ ಬಣ್ಣ ಬಂದದೆ ಅಂದ್ಲು."

ಫೋನಿಟ್ಟ ಮೇಲೆ ಬಹಳ ಹೊತ್ತು ನಾಚಿಕೆಯಾಗಿ ಕೂತಿದ್ದೆ. ಭಾನುವಾರ ಬೆಳಿಗ್ಗೆ ನಾನೇ ರೈಲು ಹತ್ತಿದೆ.

ಹಸುಗಳನ್ನು ಕಟ್ಟುವ ಕೊಟ್ಟಿಗೆಗೆ ಅಂಟಿಕೊಂಡ ಪುಟ್ಟ ಕೋಣೆ. ಮಧ್ಯಾಹ್ನದವರೆಗೆ ಡ್ರೈವರ್ ತೆಗೆದೆ, ಹಾಕಿದೆ, ತೆಗೆದೆ, ಹಾಕಿದೆ. ಮುನಿಯಮ್ಮ ಮುದ್ದೆ, ಹುರುಳಿ ಸಾರು ಬಡಿಸಿದರು. ಊಟವಾದ ಮೇಲೆ ಮುನಿರಾಜು, "ಸಾರ್, ಒಂದ್ ಮಾತು ಏಳ್ಲಾ? ಪೂರ್ತಿ ಕೇಳ್ತೀರಾ?" ಎಂದ.

ಕೇಳುತ್ತೇನೆಂದೆ. ಬೇರೆ ದಾರಿ ಇರಲಿಲ್ಲ.

"ಬರೀ ಟೈಪ್ ಮಾಡ್ತಾ ಇದ್ರೆ ಒಂದಿನಾನೂ ನಿಂತಿಲ್ಲ. ಪ್ರಿಂಟ್ ಅಂತ ಒತ್ತಿದಾಗ ಪ್ರಿಂಟರು ಖರ್ ಅಂತ ತಲೆ ಅಲ್ಲಾಡಿಸ್ತದಲ್ಲಾ, ಆಗ್ಲೇ ಇದ್ರ ಗಂಟ್ಲು ಕಟ್ಕಳ್ಳೋದು. ಪ್ರತಿ ಸಲಾನೂ ಅಷ್ಟೇ. ಮೊದ್ಲನೇ ದಿನಾನೇ ಏಳಕ್ ಬಂದೆ ಸಾರ್."

ಅಂಗಡಿಯಲ್ಲಿ ನಾನು ಪ್ರಿಂಟರು ಜೋಡಿಸಿಯೇ ಇರಲಿಲ್ಲ. ಎದ್ದು ಪ್ರಿಂಟರಿನ ಕೇಬಲ್ ಕಿತ್ತೆ, ದನಿ ಸರಾಗವಾಗಿ ಓಡಿತು. ಚುಚ್ಚಿ ಪ್ರಿಂಟ್ ಒತ್ತಿದೆ, ಸರ್, ಸರ್, ಸರ್. ಪೆಟ್ಟಿಗೆ ಬಿಚ್ಚಿದೆ. ಆ ಕಾಲದ ಕಂಪ್ಯೂಟರಿನಲ್ಲಿ ಒಂದೊಂದು ಭಾಗವೂ ಒಂದೊಂದು ನಂಬರಿನಲ್ಲಿ ಯಜಮಾನನನ್ನು, ಅಂದರೆ ಪ್ರೊಸೆಸರನ್ನು, ಕೂಗಿ ಕರೆಯಬೇಕು. ಪ್ರಿಂಟರಿನದು ಏಳು. ಯಾರೋ ಸೌಂಡ್ ಕಾರ್ಡಿಗೂ ಏಳನ್ನೇ ಇಟ್ಟಿದ್ದರು. ಇಬ್ಬರೂ ಒಟ್ಟಿಗೆ ಕೂಗಿದರೆ ಯಜಮಾನ ಕುಸಿಯುತ್ತಿದ್ದ. ಕಾರ್ಡಿನ ನಂಬರು ಗೊತ್ತುಮಾಡುವ, ಅಕ್ಕಿಕಾಳಿನಷ್ಟು ಚಿಕ್ಕ ಪ್ಲಾಸ್ಟಿಕ್ ಟೋಪಿಯೊಂದನ್ನು ಕಿತ್ತು ಐದನೇ ನಂಬರಿನ ಮೇಲೆ ಕೂರಿಸಬೇಕಿತ್ತು. ಮುನಿಯಮ್ಮ ಮುಳ್ಳು ತೆಗೆಯುವ ಚಿಮಟ ಕೊಟ್ಟರು. ಡ್ರೈವರಿಗೂ ಹೊಸ ನಂಬರು ತಿಳಿಸಿದೆ. ಮುನಿರಾಜು ಪ್ರಿಂಟ್ ಒತ್ತಿದ. ಪ್ರಿಂಟರು ಖರ್ ಎಂದು ಕೂಗಿತು, ಕಂಪ್ಯೂಟರು ಡಿಯರ್ ಸರ್ ದಾಟಿ ಕೊನೆಯ ಸಾಲಿನವರೆಗೂ ಓದಿತು. ಅವನು ಹೊರಬಂದ ಕಾಗದವನ್ನು ಎರಡು ಕೈಯಲ್ಲಿ ಹಿಡಿದು, ಅಕ್ಷರ ಕಾಣುವವನಂತೆ ಮುಖದ ಹತ್ತಿರ ತಂದುಕೊಂಡ.

ಆಗ ನನಗೆ ತಡೆಯಲಾಗಲಿಲ್ಲ. "ಮುನಿರಾಜು, ನಿಮ್ಮ ಕಾಗದಗಳನ್ನ ವೈರಸ್ ತಿನ್ನಲಿಲ್ಲ. ನಾನೇ ಅಳಿಸಿದ್ದು," ಎಂದೆ.

"ಗೊತ್ತಿತ್ತು ಸಾರ್," ಎಂದ. "ವೈರಸ್ ಅನ್ನೋವಾಗ ನಿಮ್ ದನಿ ಸಣ್ಣಗಾಯ್ತು. ಓಗ್ಲಿ ಬಿಡಿ, ಎಲ್ಲಾ ಬಾಯ್ಪಾಠ ಇದ್ವು. ತಿರ್ಗಾ ಟೈಪ್ ಮಾಡ್ಕಂಡೆ."

ಸೋಮವಾರ ಅಮ್ಮ, ಮಗ ಕಂಪ್ಯೂಟರನ್ನೂ ಪ್ರಿಂಟರನ್ನೂ ಗಿರಣಿಗೆ ಒಯ್ದರು. ಸಾಹುಕಾರರು ಕಾಗದ ಹೇಳಿದರು, ಅವನು ಟೈಪ್ ಮಾಡಿ ಪ್ರಿಂಟ್ ತೆಗೆದು ಕೊಟ್ಟ. ಒಂದೂ ತಪ್ಪಿರಲಿಲ್ಲ. ಅವತ್ತೇ ಅವನಿಗೆ ಕುರ್ಚಿ ಕೊಟ್ಟರು. ಈಗ ಆ ಆಫೀಸಿಗೆ ಅವನೇ ಹಿರಿಯ. ಅಲ್ಲಿಯ ಯಾವ ಯಂತ್ರ ಕೆಟ್ಟರೂ ನನ್ನನ್ನು ಕರೆಸುತ್ತಾನೆ. ಅವನು ವಿವರ ಹೇಳಿ ಮುಗಿಸುವವರೆಗೆ ನಾನು ಬ್ಯಾಗಿನ ಜಿಪ್ ಎಳೆಯುವ ಹಾಗಿಲ್ಲ. ಎಳೆದರೆ ಅವನಿಗೆ ಕೇಳಿಸುತ್ತದೆ.

ಇಷ್ಟೆಲ್ಲ ಪಾಠವಾದ ಮೇಲೆ ನಾನು ತಿದ್ದಿಕೊಂಡಿದ್ದೇನೆಂದು ನಂಬಿದ್ದೆ. ನಿನ್ನೆ ಬೆಳಿಗ್ಗೆ ಹೆಂಡತಿ ಅಡುಗೆಮನೆಯಿಂದ, "ರೀ, ಮಿಕ್ಸಿ ತಿರುಗ್ತಾ ಇಲ್ಲ, ಯಾಕೆ ಅಂದ್ರೆ..." ಎಂದಳು. ಮೋಟರು ಸುಟ್ಟಿದೆ ಎಂದು ನನಗೆ ಗೊತ್ತಾಗಿಬಿಟ್ಟಿತು. ನಾಲ್ಕೂ ಸ್ಕ್ರೂ ಬಿಚ್ಚಿ, ಒಳಗಿನದನ್ನೆಲ್ಲ ಪೇಪರಿನ ಮೇಲೆ ಹರವಿದ ಮೇಲೆ ಅವಳು ವಾಕ್ಯ ಮುಗಿಸಿದಳು.

"...ಕರೆಂಟ್ ಹೋಗಿದೆ."