ಕ್ಷೌರದ ಕುರ್ಚಿಯ ಮೇಲೆ ಉಸಿರು ಬಿಟ್ಟ ದಿಂಬಿನ ಬಗ್ಗೆ

ತಾನಾಗಿಯೇ ಉಬ್ಬುವ ದಿಂಬು, ಹಾಸಿಗೆಗಳ ಕಾರ್ಖಾನೆಯ ವ್ಯವಸ್ಥಾಪಕರಾದ ಮಾನ್ಯರೇ,

ತಾವೂ ತಮ್ಮ ಎಂಜಿನಿಯರುಗಳೂ, ತಮ್ಮ ಗೋದಾಮಿನಲ್ಲಿ ಬಾಯಿ ಮುಚ್ಚಿಕೊಂಡು ಕುಳಿತಿರುವ ಸಕಲ ದಿಂಬುಗಳೂ ಕ್ಷೇಮವೆಂದು ನಂಬಿ, ನಾಲ್ಕು ಜನ ಓದಲೆಂದು ಈ ಪತ್ರವನ್ನು ನನ್ನ ಕ್ಷೌರದಂಗಡಿಯ ಗಾಜಿಗೆ ಅಂಟಿಸಿ, ತಮಗೂ ಒಂದು ಪ್ರತಿಯನ್ನು ಗೌರವಪೂರ್ವಕವಾಗಿ ಕಳುಹಿಸುತ್ತಿದ್ದೇನೆ.

ನನ್ನ ಅಂಗಡಿಯಲ್ಲಿರುವುದು ಒಂದೇ ಕುರ್ಚಿ. ಅದನ್ನು ಎತ್ತರಿಸುವ ಕಾಲಿನ ಪೆಡಲು ಕೆಟ್ಟ ಮೇಲೆ ಕುಳ್ಳಗಿನ ಗಿರಾಕಿಗಳನ್ನು ಮಕ್ಕಳಿಗೆಂದು ಇಟ್ಟ ಹಲಗೆಯ ಮೇಲೆಯೇ ಕೂರಿಸುತ್ತಿದ್ದೆ. ಇದರಿಂದ ಎಲ್ಲರಿಗಿಂತ ಹೆಚ್ಚು ನೊಂದವರು ಎದುರಂಗಡಿಯ ಗಡಿಯಾರ ರಿಪೇರಿಯವರು. ಆಳು ಗಿಡ್ಡ, ಮೀಸೆ ಮಾತ್ರ ಇಬ್ಬರಿಗೆ ಸಾಕಾಗುವಷ್ಟು. ಅಂಥ ಮೀಸೆ ಹೊತ್ತು ಮಕ್ಕಳ ಹಲಗೆ ಏರುವಾಗ ಅವರ ಮುಖ ನೋಡಲಾಗುತ್ತಿರಲಿಲ್ಲ. ಅವರ ಮರ್ಯಾದೆ ಕಾಯಲೆಂದೇ ತಮ್ಮ ದಿಂಬನ್ನು ತರಿಸಿದೆ.

ಏನು ಹೇಳಲಿ ಅದರ ಗುಣವನ್ನು! ಬಿರಡೆ ತಿರುಗಿಸಿದ್ದೇ ತಡ, ಒಳಗಿನ ಸ್ಪಂಜು ಗಾಳಿ ಕುಡಿದು, ಯಾರೂ ಊದದೆ, ಹೊಗಳಿಕೆ ಕೇಳಿದ ಸಾಹುಕಾರನಂತೆ ತಾನೇ ಉಬ್ಬಿತು. ಬೇಕಾದ ಎತ್ತರಕ್ಕೆ ಬಂದಾಗ ಬಿರಡೆ ಮುಚ್ಚಿದರೆ ಗಾಳಿ ಒಳಗೇ ಸೆರೆಯಾಗಿ, ಕೂತವರು ಕೂತ ಎತ್ತರದಲ್ಲೇ ಇರುತ್ತಾರೆಂದು ಡಬ್ಬಿಯ ಮೇಲೆ ಬರೆದಿತ್ತು. ನಾನು ಅದನ್ನು ಓದಿ ನಂಬಿದೆ. ದಿಂಬು ಮಾತ್ರ ಅದನ್ನು ಓದಿರಲಿಲ್ಲವೆಂದು ಕಾಣುತ್ತದೆ.

ಆ ದಿನ ಗಡಿಯಾರದವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದು, ಮೀಸೆಯ ಕೆಳಗಿನ ಅಂಚು ಗೆರೆ ಎಳೆದಂತಿರಬೇಕೆಂದರು. ಏನು ವಿಶೇಷವೆಂದು ಕೇಳಿದ್ದಕ್ಕೆ ಅವರ ಕಿವಿ ಕೆಂಪಾಯಿತು. ಉತ್ತರ ಬೀದಿಗೆಲ್ಲ ಗೊತ್ತಿತ್ತೆನ್ನಿ. ಗಂಡ ತೀರಿಕೊಂಡ ಮೇಲೆ ನನ್ನೊಡನೆಯೇ ಇದ್ದು, ನನ್ನ ಪಕ್ಕದ ಕೋಣೆಯಲ್ಲೇ ಹೊಲಿಗೆ ಅಂಗಡಿ ನಡೆಸುತ್ತಿದ್ದ ನನ್ನ ಅಕ್ಕನ ಗೋಡೆ ಗಡಿಯಾರವನ್ನು, ಅದು ಕೆಡುವ ಮೊದಲೇ ರಿಪೇರಿ ಮಾಡಲು ಇವರು ವಾರವಾರವೂ ಬರುತ್ತಿದ್ದರು. ಚೆನ್ನಾಗಿ ನಡೆಯುತ್ತಿದೆಯೆಂದು ವರದಿ ಒಪ್ಪಿಸಿ ಹೋಗುತ್ತಿದ್ದರು. ಅದರಾಚೆಗಿನ ಒಂದು ಮಾತೂ ಆ ಮೀಸೆಯನ್ನು ದಾಟಿ ಈಚೆ ಬಂದದ್ದಿಲ್ಲ. ಅಂದು ದಾಟಿಸುವುದೆಂದು ನಿಶ್ಚಯಿಸಿಕೊಂಡಿದ್ದರು.

ಎಡಗಡೆಯ ಅಂಚಿಗೆ ಕತ್ತರಿ ಹಿಡಿದಿದ್ದೆ, ಮಾನ್ಯರೇ. ಆಗ ತಮ್ಮ ಬಿರಡೆ ತನ್ನಷ್ಟಕ್ಕೆ ಕಳಚಿಕೊಂಡು, ದಿಂಬು ಪುಸ್ಸೆಂದು ದೀರ್ಘವಾಗಿ ಉಸಿರು ಬಿಟ್ಟಿತು. ಗಡಿಯಾರದವರು ಎರಡು ಬೆರಳಿನಷ್ಟು ಕೆಳಗಿಳಿದರು. ಕತ್ತರಿ ಇದ್ದಲ್ಲೇ ಇತ್ತು. ಅರ್ಧ ಮೀಸೆ ಅವರ ಮಡಿಲಿಗೆ ಬಿತ್ತು. ಸರದಿಗಾಗಿ ಕುಳಿತಿದ್ದ ಪೋಸ್ಟ್‌ಮ್ಯಾನ್, ಆ ಸದ್ದನ್ನು ಬೇರೆಯೇ ಏನೋ ಎಂದು ತಿಳಿದು, ಸಭ್ಯತೆಯಿಂದ ಎದ್ದು ಹೋಗಿ ಕಿಟಕಿ ತೆರೆದರು.

ಉಳಿದರ್ಧವನ್ನೂ ತೆಗೆಯದೆ ದಾರಿಯಿರಲಿಲ್ಲ. ತೆಗೆದೆ. ಆ ಮನುಷ್ಯ ಮುಖದ ಮೇಲೆ ಟವೆಲ್ ಎಳೆದುಕೊಂಡು, ಬೀದಿ ಖಾಲಿಯಾಗುವವರೆಗೆ ಅಲ್ಲಿಂದ ಏಳುವುದಿಲ್ಲವೆಂದು ಕುಳಿತುಬಿಟ್ಟರು. ಸಾಣೆಗೆ ಕೊಟ್ಟಿದ್ದ ತನ್ನ ಕತ್ತರಿ ಒಯ್ಯಲು ಅಕ್ಕ ಬಂದದ್ದು ಆಗಲೇ. ಯಾರಿಗಾದರೂ ಗಾಯವಾಯಿತೇ ಎಂದು ಗಾಬರಿಯಿಂದ ಅವಳೇ ಟವೆಲ್ ಸರಿಸಿದಳು. ಸರಿಸಿದವಳು ಹಾಗೇ ನೋಡುತ್ತಾ ನಿಂತಳು.

"ಇಷ್ಟು ದಿನ ಈ ಮುಖಾನ ಎಲ್ಲಿಟ್ಟಿದ್ರಿ?" ಎಂದಳು.

"ಮೀಸೆ ಹಿಂದೆ," ಎಂದರು ಅವರು. "ನೀವು ಬೇಡ ಅಂದಾಗ ಮುಖ ಕಾಣಬಾರದು ಅಂತ."

"ಬೇಡ ಅನ್ನೋಕಾದ್ರೂ ಮೊದಲು ನೀವು ಏನಾದ್ರೂ ಕೇಳ್ಬೇಕಲ್ಲ."

ಕೇಳಿದರು. ಪೋಸ್ಟ್‌ಮ್ಯಾನ್ ತಮ್ಮ ಸರದಿಯನ್ನೇ ಬಿಟ್ಟು ಹೊರಗೆ ನಡೆದರು. ನಾನು ಕೂದಲೇ ಇಲ್ಲದ ನೆಲವನ್ನು ಬಹಳ ಹೊತ್ತು ಗುಡಿಸಿದೆ.

ಇದರಲ್ಲಿ ದೂರೇನು ಬಂತು ಎಂದು ತಾವು ಹುಬ್ಬೇರಿಸಬಹುದು. ನೆಂಟರಿಷ್ಟರೆಲ್ಲ ಸೇರಿ ಆಗಿಸಲಾರದ ಮದುವೆಯನ್ನು ತಮ್ಮ ಸ್ಪಂಜು ಒಂದೇ ಉಸಿರಿಗೆ ಆಗಿಸಿತೆಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ನನ್ನ ನಷ್ಟವನ್ನೂ ನೋಡಬೇಕು. ಮೀಸೆ ಇನ್ನು ಬೆಳೆಸುವುದಿಲ್ಲವೆಂದು ಭಾವ ಹಟ ಹಿಡಿದಿರುವುದರಿಂದ ಬೀದಿಯ ಅತ್ಯುತ್ತಮ ಮೀಸೆ ನನ್ನ ಕೈ ತಪ್ಪಿತು. ಅಕ್ಕ ಮಿಷನ್ ಸಮೇತ ಎದುರು ಸಾಲಿಗೆ ಹೋದಳು. ಗೋಡೆಯಾಚೆ ದಿನವಿಡೀ ಗಡಗಡ ಎನ್ನುತ್ತಿದ್ದ ಆ ಮಿಷನ್ನಿಗೆ ನಾನು ಎಷ್ಟು ಬೈದಿದ್ದೇನೋ. ಈಗ ಆ ಸದ್ದಿಲ್ಲದೆ ಕತ್ತರಿಗೆ ತಾಳವೇ ಸಿಗುತ್ತಿಲ್ಲ. ನಾನೇ ಮಾಡಿದ ಅಡುಗೆಯನ್ನು ನಾನೇ ಹೊಗಳಿಕೊಂಡು ಉಣ್ಣುತ್ತಿದ್ದೇನೆ. ಸಾಲದ್ದಕ್ಕೆ, ಮದುವೆಯಾಗದ ಗಂಡಸರೆಲ್ಲ ಬಂದು ಅದೇ ದಿಂಬು ಹಾಕಿ ಎನ್ನುತ್ತಾರೆ. ಒಬ್ಬರಿಗಂತೂ ಕತ್ತರಿಸಲು ಕೂದಲೇ ಇಲ್ಲ. ನಾನೂ ಅವಿವಾಹಿತನೇ, ಸ್ವಾಮಿ. ಆದರೆ ನನ್ನ ಗಡ್ಡವನ್ನು ನಾನೇ ನಿಂತು ಹೆರೆದುಕೊಳ್ಳುವುದರಿಂದ ಆ ಪೀಠವೇರುವ ಭಾಗ್ಯ ನನಗಿಲ್ಲ.

ಆದಕಾರಣ ತಾವು ದೊಡ್ಡ ಮನಸ್ಸು ಮಾಡಿ, ಉಸಿರು ಬಿಡುವ ಮೊದಲು ಒಮ್ಮೆ ಕೆಮ್ಮಿ ಎಚ್ಚರಿಸುವ ಸಂಸ್ಕಾರವನ್ನು ದಿಂಬಿಗೆ ಕಲಿಸಬೇಕು. ಬಿರಡೆ ಭದ್ರವಾಗಿದೆಯೆಂದು ಬರೆದ ಎಂಜಿನಿಯರರನ್ನು ಒಮ್ಮೆ ಇತ್ತ ಕಳುಹಿಸಿ, ಅದೇ ದಿಂಬಿನ ಮೇಲೆ ಕೂತು ನನ್ನ ಕತ್ತಿಗೆ ಕೊರಳು ಚಾಚುವಂತೆ ಅಪ್ಪಣೆ ಮಾಡಬೇಕು. ಸಾಧ್ಯವಾದರೆ, ಸಂಜೆ ಅಂಗಡಿ ಮುಚ್ಚುವ ಹೊತ್ತಿಗೆ ಊಟವಾಯಿತೇ ಎಂದು ಕೇಳುವ ಒಂದು ದಿಂಬನ್ನೂ ತಯಾರಿಸಬೇಕೆಂದು ಬೇಡಿಕೊಳ್ಳುತ್ತೇನೆ.

ಕತ್ತರಿ ಕೆಳಗಿಟ್ಟು, ಎರಡೂ ಕೈ ಜೋಡಿಸಿ,
ತಮ್ಮ ವಿಶ್ವಾಸಿ,
ಒಂದೇ ಕುರ್ಚಿಯ ಕ್ಷೌರಿಕ

ಮರೆತ ಮಾತು: ಮೂಲೆಯ ಹಲ್ಲಿನ ಡಾಕ್ಟರೂ ತಮ್ಮದೇ ದಿಂಬಿಗೆ ಆರ್ಡರ್ ಕೊಟ್ಟಿದ್ದಾರಂತೆ. ಅಲ್ಲಿಗೆ ಕಳುಹಿಸುವಾಗ ಬಿರಡೆಯನ್ನು ದಯವಿಟ್ಟು ಇನ್ನೊಮ್ಮೆ ನೋಡಿ. ನನ್ನ ಕೈತಪ್ಪಿನಿಂದ ಹೋದದ್ದು ತಿಂಗಳಲ್ಲಿ ಮತ್ತೆ ಬೆಳೆಯುತ್ತದೆ. ಅವರ ಕಸುಬು ಹಾಗಲ್ಲ.