ಮಿಲಾನಿನ ಬೀದಿಯಲ್ಲಿ ಮಹದೇವಪ್ಪನವರು

ಸೂಟು ಹಾಕಿದ ಕೂಡಲೇ ಕೆಲವರಿಗೆ ಗಾಂಭೀರ್ಯ ಬರುತ್ತದೆ. ನನಗೆ ಬರುವುದು ಬರೀ ಬೆವರು. ತೊಂಬತ್ತರ ದಶಕದಲ್ಲಿ ನಾನು ಸಂತೆಮರಹಳ್ಳಿಯಲ್ಲಿ ರೇಷ್ಮೆ ಇನ್ಸ್‌ಪೆಕ್ಟರಾಗಿದ್ದೆ. ಇಟಲಿಗೆ ಅಧ್ಯಯನ ಪ್ರವಾಸ ಹೊರಡಬೇಕಿದ್ದ ಮೇಲಧಿಕಾರಿಗೆ ಕಾಮಾಲೆಯಾಗಿ ಆ ಭಾಗ್ಯ ನನ್ನ ಪಾಲಿಗೆ ಬಂತು. ದೇವರು ಯಾರ ಪಿತ್ತದ ಮೂಲಕ ಯಾರಿಗೆ ಒಲಿಯುತ್ತಾನೋ! ಗುಂಡ್ಲುಪೇಟೆಯಲ್ಲಿ ಸೂಟು ಹೊಲಿಸಿದೆ. ಆ ಟೈಲರ್ ಶಾಲಾ ಯೂನಿಫಾರಂ ಹೊಲಿದೇ ಹೆಸರಾದವನು. ಬೆಳೆಯುವ ಮಕ್ಕಳಿಗೆ ಬಿಡುವಂತೆ ನನಗೂ ತೋಳಿನಲ್ಲಿ ಎರಡಂಗುಲ ಹೆಚ್ಚಿಗೆ ಬಿಟ್ಟಿದ್ದ. ನನಗಾಗ ನಲವತ್ತೆರಡು.

ಜೊತೆಗೆ ಪ್ರಗತಿಪರ ರೈತರ ಕೋಟಾದಲ್ಲಿ ಚಂದಕವಾಡಿಯ ಮಹದೇವಪ್ಪನವರು. ಹುಳು ಸಾಕಿ, ಮನೆಯಲ್ಲೇ ನೂಲು ತೆಗೆಸುವ ಕುಳ. ಬಿಳಿ ಪಂಚೆ, ಹೆಗಲ ಮೇಲೆ ರೇಷ್ಮೆ ಶಲ್ಯ, ಹಣೆ ತುಂಬ ವಿಭೂತಿ. ಮಿಲಾನಿನಲ್ಲಿ ಬಿಡುವಿದ್ದ ದಿನ, ಜಗತ್ತಿನ ಶ್ರೀಮಂತರೆಲ್ಲ ಬಟ್ಟೆ ಕೊಳ್ಳಲು ಬರುವ ಬೀದಿಗೆ ಹೊರಟೆ. “ನಾನೂ ಬತ್ತೀನಿ ಸಾ” ಎಂದರು. ಬಿಟ್ಟು ಹೋದರೆ ಅವರು ದಾರಿ ತಪ್ಪುತ್ತಾರೆ, ಕರೆದೊಯ್ದರೆ ನನ್ನ ಮಾನ ತಪ್ಪುತ್ತದೆ. ಕೊನೆಗೆ, “ಹತ್ತು ಹೆಜ್ಜೆ ಹಿಂದೆ ಬನ್ನಿ” ಎಂದೆ. ಪುಣ್ಯಾತ್ಮ ಹಾಗೇ ಬಂದರು.

ಬೀದಿಯ ವೈಭವ ಕೇಳಬೇಡಿ. ಗೋಡೆಯಷ್ಟು ದೊಡ್ಡ ಗಾಜಿನ ಹಿಂದೆ ಒಂದೇ ಒಂದು ಬೂಟು. ಬೆಲೆ ನೋಡಿದ ಮೇಲೆ ಗೊತ್ತಾಯಿತು, ಇದು ಎರಡೂ ಕಾಲಿರುವವರಿಗೆ ಎಟುಕುವ ಬೀದಿಯಲ್ಲ. ಹಿಂದಿನಿಂದ ಕೂಗು ಬಂತು: “ಸಾ, ಅಂಗ್ಡಿ ಖಾಲಿ ಮಾಡ್ತಾವ್ರಾ? ಸಾಮಾನೇ ಇಲ್ವಲ್ಲ!” ಕೇಳಿಸದವನಂತೆ ಪಕ್ಕದ ರೇಷ್ಮೆ ಅಂಗಡಿಗೆ ನುಗ್ಗಿದೆ.

ಒಳಗಿದ್ದ ಹೆಂಗಸು ನನ್ನ ತೋಳಿನ ಉದ್ದ ನೋಡಿ, ನಾನು ಗಾಳಿಯೋ ಎಂಬಂತೆ ನನ್ನ ಮೂಲಕವೇ ಬಾಗಿಲ ಕಡೆ ನೋಡಿದಳು. ಅಲ್ಲಿ ಮಹದೇವಪ್ಪನವರು ಮೆಟ್ಟು ಕಳಚುತ್ತಿದ್ದರು. ಆಕೆ ಓಡಿಹೋಗಿ ಸ್ವಾಗತಿಸಿದಳು, ಕುರ್ಚಿ ಹಾಕಿದಳು, ಕಾಫಿ ತರಿಸಿದಳು. ಆಮೇಲೆ ನನ್ನತ್ತ ತಿರುಗಿ ಇಂಗ್ಲಿಷಿನಲ್ಲಿ, “ನಿಮ್ಮ ಯಜಮಾನರಿಗೆ ಏನು ತೋರಿಸಲಿ?” ಎಂದಳು.

ಯಜಮಾನರು ಒಂದು ಸ್ಕಾರ್ಫ್ ಎತ್ತಿಕೊಂಡು, ಕಣ್ಣು ಮುಚ್ಚಿ ಬೆರಳಲ್ಲಿ ತಡವಿದರು. “ಸಾ, ಈಯಮ್ಮಂಗೆ ಯೋಳಿ. ಇಲ್ಲಿ ಎಳೆ ದಪ್ಪ, ಇಲ್ಲಿ ತೆಳ್ಳಗೆ. ನೂಲ್ ತೆಗ್ಯೋವಾಗ ಎಳೆ ಕಡಿದದೆ, ಇನ್ನೊಂದು ಗೂಡಿನ ಎಳೆ ಸೇರ್ಸಕೆ ತಡ ಮಾಡ್ಬುಟ್ಟವ್ರೆ.”

ಬೆವರುತ್ತ ಇಂಗ್ಲಿಷಿಗೆ ತಿರುಗಿಸಿದೆ. ಪೊಲೀಸರನ್ನು ಕರೆಯುತ್ತಾಳೆ ಎಂದುಕೊಂಡೆ, ಮಾಲೀಕನನ್ನು ಕರೆದಳು. ಆ ಮುದುಕ ಸ್ಕಾರ್ಫನ್ನು ಬೆಳಕಿಗೆ ಹಿಡಿದು ನೋಡಿದ, ಮಡಿಸಿ ಒಳಗಿಟ್ಟ, ಮಹದೇವಪ್ಪನವರ ಎರಡೂ ಕೈ ಹಿಡಿದುಕೊಂಡ. ಅರ್ಧ ಗಂಟೆ ಇಬ್ಬರೂ ನೂಲಿನ ಬಗ್ಗೆ ಮಾತಾಡಿದರು, ಅವನು ಇಟಾಲಿಯನ್ನಿನಲ್ಲಿ, ಇವರು ಚಂದಕವಾಡಿ ಕನ್ನಡದಲ್ಲಿ. ಇಬ್ಬರಿಗೂ ಅರ್ಥವಾಗುತ್ತಿತ್ತು. ಇಂಗ್ಲಿಷ್ ಬಲ್ಲ ನಾನು ಬಾಗಿಲು ಹಿಡಿದು ನಿಂತಿದ್ದೆ.

ಹೊರಗೆ ಬಂದ ಮೇಲೆ ಅವರು ಮತ್ತೆ ಹತ್ತು ಹೆಜ್ಜೆ ಹಿಂದೆ ನಿಂತರು. “ಜೊತೇಲೇ ಬನ್ನಿ” ಎಂದೆ. “ಬೇಜಾರ್ ಮಾಡ್ಕೋಬ್ಯಾಡಿ ಸಾ, ನೀವಿಲ್ದಿದ್ರೆ ನಾನು ಬಾಯಿಲ್ದೋನು” ಎಂದರು. ನಾಚಿಕೆಯಾಯಿತು. ಒಪ್ಪಿಕೊಳ್ಳುತ್ತೇನೆ, ಆ ನಾಚಿಕೆ ವಿಮಾನ ಇಳಿಯುವವರೆಗೂ ಇತ್ತು.

ಊರಿಗೆ ಬಂದು ಪ್ರವಾಸದ ವರದಿ ಬರೆದೆ: “ಇನ್ಸ್‌ಪೆಕ್ಟರರ ಮಾರ್ಗದರ್ಶನದಲ್ಲಿ ರೈತರು ವಿದೇಶಿ ರೇಷ್ಮೆಯ ದೋಷ ಪತ್ತೆಹಚ್ಚಿದರು.” ಮೇಲಿನವರಿಗೆ ಬಹಳ ಮೆಚ್ಚುಗೆಯಾಯಿತು. ಅಲ್ಲಿಂದ ನಿವೃತ್ತಿಯವರೆಗೆ, ಬೆರಳಲ್ಲಿ ಮುಟ್ಟಿ ನೂಲಿನ ಗುಣ ತಿಳಿಯುವ ವಿದ್ಯೆಯನ್ನು ಇಲಾಖೆಗೆ ಬಂದ ಹೊಸಬರಿಗೆಲ್ಲ ನಾನೇ ಕಲಿಸಿದೆ. ಅವರಲ್ಲಿ ಕೆಲವರಿಗೆ ನಿಜವಾಗಿಯೂ ತಿಳಿಯುತ್ತದಂತೆ. ನನಗೆ ಇವತ್ತಿಗೂ ತಿಳಿದಿಲ್ಲ.