ಮಾವನವರಿಗೆ ಮುಪ್ಪು ತರಿಸಿದ್ದು

ಹಣೆಬರಹವನ್ನು ಯಾರೂ ಅಳಿಸೋಕಾಗಲ್ಲ ಅಂತಾರೆ. ನಾನು ದಿನಕ್ಕೆ ಮೂವತ್ತು ಹಣೆ ಅಳಿಸುತ್ತೇನೆ. ಬಸ್ ಸ್ಟ್ಯಾಂಡ್ ಎದುರಿನ ಫೋಟೋ ಸ್ಟುಡಿಯೋದಲ್ಲಿ ನನ್ನ ಕೆಲಸಕ್ಕೆ ‘ಟಚಪ್’ ಅಂತ ಹೆಸರು. ಗಿರಾಕಿ ಹಾಸಿಗೆಯಿಂದ ಎದ್ದುಬಂದ ಹಾಗೇ ಕ್ಯಾಮೆರಾ ಮುಂದೆ ಕೂತಿರುತ್ತಾನೆ. ನಾನು ಕಂಪ್ಯೂಟರ್ ಮುಂದೆ ಕೂತು ಅವನ ಕಣ್ಣ ಕೆಳಗಿನ ಕಪ್ಪು ಒರೆಸಿ, ಕೆನ್ನೆಗೆ ಕಳೆ ತುಂಬಿ, ಎರಡು ಗದ್ದ ಇದ್ದಲ್ಲಿ ಒಂದನ್ನು ಉಳಿಸಿ ಕಳಿಸುತ್ತೇನೆ. ಹೆಂಗಸರಿಗೆ ಲಿಪ್‌ಸ್ಟಿಕ್ಕು, ಕಾಡಿಗೆ, ಕೆನ್ನೆಯ ಕೆಂಪು, ಎಲ್ಲ ಮೌಸಿನಲ್ಲೇ. ಮಳೆ ಬಂದರೂ ಅಳಿಸಲ್ಲ, ಅತ್ತರೂ ಇಳಿಯಲ್ಲ.

ಆದರೆ ಈ ಕೀರ್ತಿಯೆಲ್ಲ ಸ್ಟುಡಿಯೋ ಬಾಗಿಲಿನವರೆಗೆ. ಮನೆಯಲ್ಲಿ ನನ್ನ ಕಲೆಗೆ ನನ್ನಾಕೆ ಇಟ್ಟಿರುವ ಹೆಸರು ‘ಊರವರ ಮುಖ ಉಜ್ಜೋದು’. (ಆಕೆ ಗಣಿತದ ಟೀಚರು. ತಪ್ಪು ಉತ್ತರವನ್ನು ಎಷ್ಟೇ ಚೆಂದದ ಅಕ್ಷರದಲ್ಲಿ ಬರೆದರೂ ಮಾರ್ಕ್ಸ್ ಕೊಡೋ ಜಾತಿಯಲ್ಲ.) ನಮ್ಮ ಜೊತೆಗೇ ಇರುವ ನಮ್ಮತ್ತೆಯಂತೂ ನನ್ನ ಕೆಲಸದ ಬಗ್ಗೆ ಹತ್ತೊಂಬತ್ತು ವರ್ಷದಿಂದ ಒಂದು ಮಾತೂ ಆಡಿರಲಿಲ್ಲ.

ಆಡುವ ಹಾಗೆ ಮಾಡಿದ್ದು ಫಿಸಿಯೋಥೆರಪಿ ಹುಡುಗಿ.

ಅತ್ತೆಗೆ ಎಪ್ಪತ್ತೆರಡು, ಮಂಡಿನೋವು. ಅವತ್ತು ಶನಿವಾರ ಆ ಹುಡುಗಿ ಹಾಲ್‌ನಲ್ಲಿ ಅವರನ್ನು ಕೂರಿಸಿ ಕಾಲು ಮಡಚಿಸುತ್ತಿದ್ದಳು. ಗೋಡೆಯ ಮೇಲೆ ಅಕ್ಕಪಕ್ಕ ಎರಡು ಫೋಟೋ. ಒಂದು ಹೋದ ವರ್ಷ ನಾನೇ ತೆಗೆದ ಅತ್ತೆಯದ್ದು. ಇನ್ನೊಂದು ನಮ್ಮ ಮಾವನವರದ್ದು, ಕಪ್ಪು ಬಿಳುಪು. ನನ್ನಾಕೆ ಎರಡೂವರೆ ವರ್ಷದ ಮಗು ಆಗಿದ್ದಾಗಲೇ ತೀರಿಕೊಂಡ ಅವರಿಗೆ ಆ ಫೋಟೋದಲ್ಲಿ ಮೂವತ್ತಮೂರು ವಯಸ್ಸು. ಕಾಡಿನಂಥ ಕೂದಲು, ಗೆರೆ ಎಳೆದಂಥ ಮೀಸೆ, ತುಂಟ ನಗೆ.

ಹುಡುಗಿ ಗೋಡೆ ನೋಡಿದವಳೇ, “ಮಗ ತುಂಬಾ ಲಕ್ಷಣವಾಗಿದ್ದಾರೆ ಅಜ್ಜಿ. ಈಗ ಎಲ್ಲಿದ್ದಾರೆ?” ಅಂದಳು.

ಆರು ತಿಂಗಳಿಂದ ಮಡಚದಿದ್ದ ಮಂಡಿಯನ್ನು ಅತ್ತೆ ಒಂದೇ ಏಟಿಗೆ ಮಡಚಿ ಎದ್ದು ಒಳಗೆ ಹೋದರು. ಮಂಡಿನೋವು ವಾಸಿಯಾಯಿತು, ಮನಸ್ಸಿನ ನೋವು ಶುರುವಾಯಿತು. ಮಧ್ಯಾಹ್ನ ಊಟ ಬಿಟ್ಟರು. ಸಂಜೆ ನಾನು ಬೂಟು ಬಿಚ್ಚುವ ಮೊದಲೇ ಎದುರಿಗೆ ಬಂದು ನಿಂತರು.

“ಅಳಿಯಂದ್ರೇ, ಊರಿನ ಮುಖಕ್ಕೆಲ್ಲ ಬಣ್ಣ ಹಚ್ತೀರಿ. ನಮ್ಮಿಬ್ಬರನ್ನೂ ಒಂದು ವಯಸ್ಸಿಗೆ ತಂದು ಒಂದೇ ಫ್ರೇಮಿನಲ್ಲಿ ಕೂರಿಸಿ. ಜೊತೆಗೆ ಇರೋ ಫೋಟೋ ಒಂದೂ ಇಲ್ಲ. ಮುಂದಿನ ತಿಂಗಳು ತೆಗೆಸೋಣ, ಮುಂದಿನ ತಿಂಗಳು ತೆಗೆಸೋಣ ಅಂತಾನೇ ಹೋಗಿಬಿಟ್ರು.”

ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಅತ್ತೆ ನನ್ನನ್ನು ಏನೋ ಕೇಳಿದ್ದರು! ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಮಾರನೇ ದಿನ ಭಾನುವಾರ ಬೆಳಗ್ಗೆಯೇ ಊಟದ ಮೇಜಿನ ಮೇಲೆ ಕಂಪ್ಯೂಟರ್ ಪ್ರತಿಷ್ಠಾಪನೆಯಾಯಿತು. ಅತ್ತೆಯ ಎಪ್ಪತ್ತೆರಡು ವರ್ಷದ ಅನುಭವವನ್ನು ಹನ್ನೊಂದು ನಿಮಿಷದಲ್ಲಿ ಅಳಿಸಿದೆ. ತಲೆಗೆ ಕಪ್ಪು, ಕೆನ್ನೆಗೆ ಗುಲಾಬಿ, ತುಟಿಗೆ ತೆಳುವಾಗಿ ಕೆಂಪು. ಮಾವನವರ ಪಕ್ಕ ಹೆಗಲಿಗೆ ಹೆಗಲು ತಾಗಿಸಿ ಕೂರಿಸಿ, “ಅತ್ತೇ, ಬನ್ನಿ!” ಅಂತ ಕೂಗಿದೆ.

ಅತ್ತೆ ಕನ್ನಡಕ ಏರಿಸಿ ಬಗ್ಗಿ ನೋಡಿದರು. ಮುಖ ಕೆಂಪಾಯಿತು. (ನಾನು ಹಚ್ಚಿದ್ದಕ್ಕಿಂತ ಜಾಸ್ತಿ.)

“ಯಾರಿವಳು?”

“ನೀವೇ ಅತ್ತೆ!”

“ನಾನಾ? ನಾನು ಯಾವತ್ತು ತುಟಿಗೆ ಬಳ್ಕೊಂಡು ಹೀಗೆ ಮೈಮೇಲೆ ಬಿದ್ದು ಕೂತಿದ್ದೆ? ಅಬ್ಬಾ, ಇವಳ ವಯ್ಯಾರ! ಇವರಾದ್ರೂ ನೋಡಿ, ಹೇಗೆ ನಗ್ತಿದ್ದಾರೆ!”

“ಅವರು ಮೊದಲಿಂದಲೂ ನಗ್ತಾನೇ ಇದ್ದಾರಲ್ಲ ಅತ್ತೆ?”

“ನನ್ನ ಪಕ್ಕ ಇದ್ದಾಗ ಹೀಗೆ ನಗ್ತಿರಲಿಲ್ಲ. ಮೊದಲು ಇವಳನ್ನ ಎಬ್ಬಿಸಿ!”

ನನ್ನಾಕೆ ಬಂದು ಇಣುಕಿದಳು. “ಅಲ್ಲಾರೀ, ಅಮ್ಮನ ಕಣ್ಣೆದುರಿಗೇ ಅಪ್ಪನಿಗೆ ಎರಡನೇ ಸಂಬಂಧ ಕುದುರಿಸಿಬಿಟ್ರಲ್ಲ!”

ಹನ್ನೊಂದು ನಿಮಿಷದ ಸುಂದರಿಯನ್ನು ಅರೆಕ್ಷಣದಲ್ಲಿ ಅಳಿಸಿದೆ. ಆಗ ಹೊಳೆಯಿತು ಮಹಾ ಉಪಾಯ. ಅತ್ತೆಯನ್ನು ಕೆಳಗೆ ಇಳಿಸೋದು ಯಾಕೆ? ಮಾವನವರನ್ನೇ ಮೇಲೆ ಹತ್ತಿಸಿದರೆ ಆಯಿತು!

ತೊಡಕು ಅಲ್ಲೇ. ಇಷ್ಟು ವರ್ಷ ನಾನು ಸುಕ್ಕು ತೆಗೆದವನೇ ಹೊರತು ಹಾಕಿದವನಲ್ಲ. “ಇಷ್ಟು ಜನರಿಂದ ಕಿತ್ತಿದ್ದನ್ನೆಲ್ಲ ಎಲ್ಲಿ ಬಿಸಾಕಿದ್ರಿ? ನಾಲ್ಕು ಎತ್ತಿಡೋದಲ್ವಾ?” ಅಂದಳು ನನ್ನಾಕೆ. ಬೇರೆ ದಾರಿ ಇಲ್ಲದೆ ನನ್ನ ಮುಖದ್ದೇ ಒಂದು ಫೋಟೋ ತೆಗೆದು, ಕಣ್ಣ ಕೆಳಗಿನ ಚೀಲ, ಕತ್ತಿನ ಜೋಲು, ಹಣೆಯ ಗೆರೆ ಎಲ್ಲ ಬಿಡಿಸಿ ಮಾವನವರಿಗೆ ಧಾರೆ ಎರೆದೆ.

ಆಮೇಲೆ ಕೂದಲಿನ ವಾಗ್ವಾದ.

“ಬೋಳು ಮಾಡಲಾ?” ಅಂದೆ.

“ಬೋಳಾ? ಅಪ್ಪ ಅಂದ್ರೆ ನನಗೆ ಗೊತ್ತಿರೋದೇ ಆ ಕೂದಲು!” ಅಂತ ನನ್ನಾಕೆ ಮೌಸ್ ಹಿಡಿದುಕೊಂಡಳು.

“ಅವರಣ್ಣನಿಗೆ ನಲವತ್ತಕ್ಕೇ ನೆತ್ತಿ ಹೊಳೀತಿತ್ತು ಕಣೇ. ಸುಳ್ಳು ಬೇಡ. ಮುಂದೆ ಸ್ವಲ್ಪ ತೆಗೀರಿ,” ಅಂದರು ಅತ್ತೆ.

“ಅರ್ಧ ಇಂಚು. ಅದಕ್ಕಿಂತ ಒಂದು ಕೂದಲು ಜಾಸ್ತಿ ಹೋಗಬಾರದು.”

“ಒಂದೂವರೆ.”

ಕೊನೆಗೆ ಒಂದು ಇಂಚಿಗೆ ರಾಜಿಯಾಯಿತು. (ಹಿಂಭಾಗ ಫೋಟೋದಲ್ಲಿ ಕಾಣಲ್ಲವಾದ್ದರಿಂದ ಅಲ್ಲಿ ಪೂರ್ತಿ ಬೋಳು ಅಂತ ಅತ್ತೆ ಬಾಯಿಮಾತಿನಲ್ಲಿ ತೀರ್ಪು ಕೊಟ್ಟರು.)

ಅತ್ತೆಗೆ ಹುರುಪು ಏರಿತು. “ಮೇಲಿನ ಹಲ್ಲು ಒಂದು ಕೀಳಿ. ನಾನು ಬೆನ್ನು ತಿರುಗಿಸಿದ್ರೆ ಸಕ್ಕರೆ ಡಬ್ಬಿಗೆ ಕೈ ಹಾಕೋರು. ಹೇಗೆ ಉಳಿಯುತ್ತೆ ಹಲ್ಲು? ಕನ್ನಡಕ ಹಾಕಿ, ದಪ್ಪದ್ದು. ಆಗಲೇ ಪೇಪರನ್ನ ಮೂಗಿಗೆ ಅಂಟಿಸ್ಕೊಂಡು ಓದ್ತಿದ್ರು. ತೋರಿಸ್ಕೊಳ್ಳಿ ಅಂದ್ರೆ ಕೇಳ್ತಿರಲಿಲ್ಲ.” ಹಲ್ಲು ಕಿತ್ತೆ, ಕನ್ನಡಕ ತೊಡಿಸಿದೆ, ಮೀಸೆಗೆ ಸುಣ್ಣ ಬಳಿದೆ. ಬದುಕಿದ್ದರೂ ಮಾವನವರು ಒಂದೇ ದಿನದಲ್ಲಿ ಇಷ್ಟು ಡಾಕ್ಟರುಗಳ ಕೈಗೆ ಸಿಕ್ಕುತ್ತಿರಲಿಲ್ಲ.

ನಾಲ್ಕು ಗಂಟೆ ಹೊತ್ತಿಗೆ ಪರದೆಯ ಮೇಲೆ ಎಪ್ಪತ್ತಾರರ ಮುದುಕರೊಬ್ಬರು ಕನ್ನಡಕದೊಳಗಿಂದ ನಮ್ಮನ್ನು ನೋಡಿ ನಕ್ಕರು. ಅತ್ತೆ ಕುರ್ಚಿ ಎಳೆದುಕೊಂಡು ಎದುರಿಗೆ ಕೂತರು.

“ಬಂದ್ರಾ?” ಅಂದರು ಮೆತ್ತಗೆ.

ನನ್ನಾಕೆ ತಟ್ಟೆ ತೊಳೆಯುವ ನೆಪದಲ್ಲಿ ಒಳಗೆ ಹೋದಳು.

ಅಷ್ಟರಲ್ಲಿ ಅತ್ತೆಯ ದನಿ ಏರಿತು. “ನಲವತ್ತಮೂರು ವರ್ಷ! ಹೇಳದೆ ಕೇಳದೆ ಹೋಗಿ, ಈಗ ಕನ್ನಡಕ ಏರಿಸ್ಕೊಂಡು ಬಂದು ನಗ್ತೀರಾ? ಮಗಳಿಗೆ ಸೈಕಲ್ ಕಲಿಸಿದ್ದು ಯಾರು? ಸೋರೋ ನಲ್ಲಿಗೆ ಬಟ್ಟೆ ಸುತ್ತಿದ್ದು ಯಾರು?” ಮುಕ್ಕಾಲು ಗಂಟೆ ತರಾಟೆ. ಮಾವನವರು, ಗಂಡನಾದವನು ಹೇಗೆ ಕೇಳಬೇಕೋ ಹಾಗೆ, ತುಟಿ ಪಿಟಕ್ಕೆನ್ನದೆ ಕೇಳಿದರು. ಬೈದು ಮುಗಿಸಿದ ಅತ್ತೆ ಎರಡು ದಿನದ ಊಟ ಒಟ್ಟಿಗೆ ಮಾಡಿದರು.

ಅತ್ತೆ ಮಾವ ಅಕ್ಕಪಕ್ಕ ಕೂತ ಫೋಟೋವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ ಟಿವಿಯ ಮೇಲಿನ ಗೋಡೆಗೆ ಹೊಡೆದೆ. ಎದೆ ಉಬ್ಬಿ ಷರ್ಟಿನ ಗುಂಡಿ ಕಿತ್ತುಹೋಗುವುದೊಂದು ಬಾಕಿ.

ಮರುದಿನ ಕೆಲಸ ಮುಗಿಸಿ ಬಂದು, ಸೋಫಾದ ಮೇಲೆ ಒರಗಿ, ಟೀಪಾಯಿ ಮೇಲೆ ಕಾಲು ಚಾಚಿದೆ.

“ರೀ, ಕಾಲು ಕೆಳಗಿಳಿಸಿ,” ಅಂದಳು ನನ್ನಾಕೆ. “ಅಪ್ಪ ನೋಡ್ತಿದ್ದಾರೆ.”

ತಲೆ ಎತ್ತಿದೆ. ಹೌದು, ನೋಡುತ್ತಿದ್ದರು. ಹಿಂದಿನ ವಾರದವರೆಗೆ ಅವರು ನನಗಿಂತ ಹದಿನೈದು ವರ್ಷ ಚಿಕ್ಕವರು. ಅವರೆದುರು ಬನಿಯನ್ನಿನಲ್ಲಿ ಓಡಾಡಿದ್ದೇನೆ, ಗೊರಕೆ ಹೊಡೆದಿದ್ದೇನೆ, ಅವರ ಮಗಳ ಜೊತೆ ಏರುದನಿಯಲ್ಲಿ ಜಗಳ ಆಡಿದ್ದೇನೆ. ತಮ್ಮನ ಹಾಗೆ ಇದ್ದರು ಪಾಪ. ಈಗ ಎಪ್ಪತ್ತಾರು. ಹಿರಿಯರು!

ಬನಿಯನ್ ನಿಂತಿತು. ಹಗಲುನಿದ್ದೆ ನಿಂತಿತು. “ಇವರಿಗೆ ಈ ಕೂಗಾಟ ಆಗಲ್ಲ” ಅಂತ ಅತ್ತೆ ನನ್ನ ಆಟದ ಚಾನೆಲ್ ನಿಲ್ಲಿಸಿದರು. ಅವರಿಗೆ ಬೆನ್ನು ತೋರಿಸಿದ ಹಾಗಾಗುತ್ತೆ ಅಂತ ನನ್ನ ಕುರ್ಚಿಯ ದಿಕ್ಕು ತಿರುಗಿತು. ‘ಮಾವನ ಕಾಟ ಇಲ್ಲದ ಪುಣ್ಯಾತ್ಮ’ ಅಂತ ಗೆಳೆಯರು ಹೊಟ್ಟೆ ಉರಿದುಕೊಳ್ಳುತ್ತಿದ್ದ ನಾನು ಕೈಯಾರೆ, ಒಂದೊಂದೇ ಗೆರೆ ಎಳೆದು, ಮಾವನನ್ನು ಮಾಡಿಕೊಂಡಿದ್ದೆ.

ತಿಂಗಳು ಸಹಿಸಿದೆ. ಹೋದ ಭಾನುವಾರ ಧೈರ್ಯ ಮಾಡಿ, “ಅತ್ತೆ, ಮಾವನವರ ವಯಸ್ಸು ಚೂರು ಇಳಿಸಲಾ? ಒಂದು ನಲವತ್ತಕ್ಕೆ?” ಅಂದೆ.

“ವಯಸ್ಸು ಸರಿಯಾಗಿದೆ,” ಅಂದರು ಅತ್ತೆ ಫೋಟೋ ನೋಡುತ್ತಾ. “ಆದರೆ ನೀವಾಗಿ ಕೇಳಿದ್ದು ಒಳ್ಳೇದಾಯ್ತು. ಅಳಿಯನ ಮುಂದೆ ಇವರು ಇಷ್ಟೊಂದು ನಗಬಾರದು. ಸಲಿಗೆ ಆಗುತ್ತೆ. ಹುಬ್ಬು ಸ್ವಲ್ಪ ಗಂಟು ಹಾಕಿ.”

ಕೂತೆ. ಹಾಕಿದೆ. ಹಿಂದೆ ತಾಯಿ ಮಗಳು ಇಬ್ಬರೂ ಕೈ ಕಟ್ಟಿ ನಿಂತಿದ್ದರು.

“ಸಾಕಾ?”

“ಇನ್ನೂ ಸ್ವಲ್ಪ,” ಅಂದರು ಅತ್ತೆ.

“ಕಣ್ಣು ಸೀದಾ ಸೋಫಾ ಕಡೆ ತಿರುಗಲಿ,” ಅಂದಳು ನನ್ನಾಕೆ.

ಕಣ್ಣಿನ ಕೆಲಸದಲ್ಲಿ ನನ್ನನ್ನು ಮೀರಿಸಿದವರಿಲ್ಲ. ಈಗ ಸೋಫಾದ ಯಾವ ಮೂಲೆಯಲ್ಲಿ ಕೂತರೂ ಮಾವನವರು ಬಿಡದೆ ನನ್ನನ್ನೇ ದುರುಗುಟ್ಟುತ್ತಾರೆ. (ಇದನ್ನು ನಾನು ಅಡುಗೆಮನೆಯ ಸ್ಟೂಲಿನ ಮೇಲೆ ಕೂತು, ಕಾಲು ಕೆಳಗಿಟ್ಟುಕೊಂಡು, ಬರೆಯುತ್ತಿದ್ದೇನೆ.)